ಡ್ರೋನ್ ಹಾರಿದ ಹಾದಿ ಸರಿಯಿದೆಯೇ? ಹಸಿರು ಗೆರೆಯನ್ನು ಒರೆಗೆ ಹಚ್ಚುವ ಬಗೆ

ಡ್ರೋನಿನ ಉಪಗ್ರಹ ದಾಖಲೆಯನ್ನು ನೆಲದ ಮೇಲೆ ಒಂದೆಡೆ ನಿಲ್ಲಿಸಿದ ‘ಬೇಸ್’ ರಿಸೀವರಿನ ದಾಖಲೆಯ ಜತೆ ಸೇರಿಸಿ, ಹಾರಿದ ಹಾದಿಯನ್ನು ಹಾರಾಟದ ನಂತರ ಲೆಕ್ಕ ಹಾಕುವುದು ಪಿಪಿಕೆ. ಈ ಪ್ರೊಸೆಸಿಂಗ್ ಮುಗಿಯುತ್ತಿದ್ದಂತೆ ಪರದೆಯ ತುಂಬ ಹಸಿರು ಗೆರೆ ಕಾಣಿಸುತ್ತದೆ. ಕೆಳಗೆ ‘ಫಿಕ್ಸ್ ಶೇ 99.8’ ಎಂದು ಬರೆದಿರುತ್ತದೆ. ಫಿಕ್ಸ್ ಎಂದರೆ ಉಪಗ್ರಹದ ಸಿಗ್ನಲ್ಲಿನ ಅಲೆಗಳ ಎಣಿಕೆ ಪೂರ್ಣಾಂಕಕ್ಕೆ ಗಟ್ಟಿಯಾಗಿ ಕೂತ ಸ್ಥಿತಿ. ಅನೇಕ ಕಡೆ ಹಾರಾಟ ಪಥದ ತಪಾಸಣೆ ಇಲ್ಲಿಗೇ ಮುಗಿದುಹೋಗುತ್ತದೆ. ಇದೇ ಹಾರಾಟದಿಂದ ತಯಾರಾದ ನಕ್ಷೆ ಗಡಿಕಲ್ಲಿನಿಂದ ಎರಡು ಮೀಟರ್ ಸರಿದು ಕೂತಿರಬಹುದು, ಎತ್ತರದಲ್ಲಿ ಒಂದು ಗೇಣಿಗಿಂತ ಹೆಚ್ಚು ತಪ್ಪಿರಬಹುದು. ಹಸಿರು ಬಣ್ಣ ಹೇಳುವ ಮಾತು ಒಂದೇ: ಬೇಸ್ ಆಂಟೆನಾದಿಂದ ಡ್ರೋನ್ ಆಂಟೆನಾದವರೆಗಿನ ಅಂತರದ ಲೆಕ್ಕ ತನ್ನೊಳಗೆ ತಾನು ಹೊಂದಿಕೊಂಡಿದೆ. ಬೇಸ್ ನಿಜಕ್ಕೂ ಎಲ್ಲಿತ್ತು, ಕ್ಯಾಮೆರಾ ಯಾವ ಕ್ಷಣದಲ್ಲಿ ಕ್ಲಿಕ್ಕಿಸಿತು, ಆಂಟೆನಾದಿಂದ ಕ್ಯಾಮೆರಾ ಎಷ್ಟು ದೂರ ಎಂಬುದರ ಬಗ್ಗೆ ಅದಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಪ್ರತಿ ತಪಾಸಣೆ ಮಾಡುವಾಗಲೂ ‘ಇದು ಯಾವ ತಪ್ಪನ್ನು ಕಾಣಲಾರದು?’ ಎಂದು ಕೇಳಿಕೊಳ್ಳಬೇಕು. ಕೆಳಗಿನ ಎಲ್ಲ ಮಾತಿಗೂ ಈ ಪ್ರಶ್ನೆಯೇ ಬೆನ್ನೆಲುಬು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಊರೊಳಗಿನ ಮನೆ, ಹಿತ್ತಿಲು, ಗೋಡೆಗಳ ಗಡಿ ಈಗ ಡ್ರೋನ್ ಚಿತ್ರದಿಂದಲೇ ಕಾಗದಕ್ಕೆ ಇಳಿಯುತ್ತಿದೆ. ಇಬ್ಬರ ಮನೆ ಒಂದೇ ಗೋಡೆ ಹಂಚಿಕೊಂಡಿರುವಲ್ಲಿ 40 ಸೆಂ.ಮೀ. ತಪ್ಪು ಸಣ್ಣದಲ್ಲ.

ಮೊದಲು ಫೈಲುಗಳ ಲೆಕ್ಕ

ಲೆಕ್ಕ ಹಾಕುವ ಮೊದಲು ಕಚ್ಚಾ ಫೈಲುಗಳನ್ನು ನೋಡಿ. ಡಿಜೆಐ ಕಂಪನಿಯ, ಹಾರುವಾಗಲೇ ಸ್ಥಾನ ತಿದ್ದಿಕೊಳ್ಳುವ ಆರ್‌ಟಿಕೆ ಡ್ರೋನ್‌ಗಳಲ್ಲಿ ಪ್ರತಿ ಹಾರಾಟದ ಫೋಲ್ಡರಿನಲ್ಲಿ ಎಂಆರ್‌ಕೆ ಎಂಬ ಪಠ್ಯ ಫೈಲು ಇರುತ್ತದೆ. ಅದರಲ್ಲಿ ಒಂದು ಫೋಟೋಗೆ ಒಂದು ಸಾಲು: ಫೋಟೋ ಸಂಖ್ಯೆ, ಜಿಪಿಎಸ್ ವಾರದ ಸೆಕೆಂಡು, ವಾರದ ಸಂಖ್ಯೆ, ಆಂಟೆನಾದಿಂದ ಕ್ಯಾಮೆರಾ ಸೆನ್ಸರಿಗಿರುವ ಅಂತರ ಮಿ.ಮೀ. ಲೆಕ್ಕದಲ್ಲಿ, ಅಕ್ಷಾಂಶ, ರೇಖಾಂಶ, ಎತ್ತರ, ಕೊನೆಗೆ ಸ್ಥಿತಿಯ ಅಂಕಿ. 50 ಎಂದರೆ ಫಿಕ್ಸ್, 34 ಎಂದರೆ ಫ್ಲೋಟ್ (ಎಣಿಕೆ ಇನ್ನೂ ಪೂರ್ಣಾಂಕಕ್ಕೆ ಕೂತಿಲ್ಲ), 16 ಎಂದರೆ ಬರೀ ಸಿಂಗಲ್ (ಬೇಸಿನ ನೆರವಿಲ್ಲದ ಸ್ಥಾನ).

ಎಂಆರ್‌ಕೆಯಲ್ಲಿ 412 ಸಾಲು, ಫೋಲ್ಡರಿನಲ್ಲಿ 411 ಫೋಟೋ ಇದ್ದರೆ ಅಲ್ಲೇ ನಿಲ್ಲಿ. ಯಾವ ಫೋಟೋ ಕಾರ್ಡಿಗೆ ಇಳಿದಿಲ್ಲ ಎಂದು ಗೊತ್ತಾಗುವವರೆಗೆ ಮುಂದೆ ಹೋಗಬಾರದು. ಸಾಲು ಸಾಲಾಗಿ ಜೋಡಿಸುತ್ತ ಹೋದರೆ, ತಪ್ಪಿದ ಜಾಗದಿಂದ ಮುಂದಿನ ಎಲ್ಲ ಫೋಟೋಗಳಿಗೂ ಹಿಂದಿನ ಫೋಟೋದ ಸ್ಥಾನ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಎರಡೂವರೆ ಸೆಕೆಂಡಿಗೊಂದು ಕ್ಲಿಕ್ ಎಂದರೆ 20 ಮೀಟರ್ ಪಲ್ಲಟ. ಹಿಡಿಯುವುದು ಸುಲಭ. ಪ್ರತಿ ಫೋಟೋದ ಒಳಗೆ ಬರೆದಿರುವ ಸ್ಥಾನವನ್ನು ಪಿಪಿಕೆ ಸ್ಥಾನದಿಂದ ಕಳೆದು ಗ್ರಾಫ್ ಹಾಕಿ. ಸರಿಯಿದ್ದರೆ ಗ್ರಾಫ್ ಒಂದೇ ಮಟ್ಟದಲ್ಲಿ ಹರಿಯುತ್ತದೆ, ತಪ್ಪಿದ ಜಾಗದಲ್ಲಿ ಮೆಟ್ಟಿಲಿನಂತೆ ಜಿಗಿಯುತ್ತದೆ.

ಕ್ಲಿಕ್ಕುಗಳ ನಡುವಿನ ಕಾಲಾಂತರವನ್ನೂ ಗ್ರಾಫಿಗೆ ಹಾಕಿ. ಎರಡೂವರೆ ಸೆಕೆಂಡಿನ ಜಾಗದಲ್ಲಿ ಸಾಲಿನ ನಡುವೆಯೇ ಐದು ಸೆಕೆಂಡು ಕಂಡರೆ ಅಲ್ಲೊಂದು ಫೋಟೋ ಆಗಿಲ್ಲ ಅಥವಾ ದಾಖಲಾಗಿಲ್ಲ. ತಿರುವಿನಲ್ಲಿ ಅಂತರ ಹೆಚ್ಚಾಗುವುದು ಸಹಜ, ಅದನ್ನು ಬಿಟ್ಟುಬಿಡಬಹುದು.

ನಮ್ಮ ಕಡೆ ಭಾನುವಾರ ಬೆಳಗಿನ ಹಾರಾಟಕ್ಕೆ ಒಂದು ವಿಶೇಷ ಕಾಟವಿದೆ. ಜಿಪಿಎಸ್ ವಾರ ಮುಗಿದು ಸೆಕೆಂಡುಗಳು 604800ರಿಂದ ಸೊನ್ನೆಗೆ ಮರಳುವುದು ಭಾರತೀಯ ಕಾಲಮಾನ ಭಾನುವಾರ ಬೆಳಗ್ಗೆ 5 ಗಂಟೆ 29 ನಿಮಿಷ 42 ಸೆಕೆಂಡಿಗೆ. ಬೆಳಕು ಹರಿಯುವ ಮುಂಚೆ ಬೇಸ್ ಹಚ್ಚಿ, ಆರು ಗಂಟೆಗೆ ಡ್ರೋನ್ ಏರಿಸಿದರೆ ಬೇಸ್ ಫೈಲು ಒಂದು ವಾರದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಉಳಿದ ದಿನಗಳಲ್ಲೂ ಬೆಳಗಿನ 5.30ಕ್ಕೆ ಯುಟಿಸಿ (ಜಾಗತಿಕ ಪ್ರಮಾಣಿತ ಕಾಲ) ದಿನ ಬದಲಾಗುವುದರಿಂದ ಕೆಲವು ರಿಸೀವರ್‌ಗಳು ಫೈಲನ್ನು ಅಲ್ಲಿಗೆ ಕತ್ತರಿಸಿ ಹೊಸದು ತೆರೆಯುತ್ತವೆ. ಎರಡನೆಯ ತುಂಡು ಮೆಮೊರಿಯಲ್ಲೇ ಉಳಿದು, ಮೊದಲನೆಯದು ಮಾತ್ರ ಆಫೀಸಿಗೆ ಬರುತ್ತದೆ. ಬೇಸ್ ಫೈಲಿನ ಮೊದಲ ಮತ್ತು ಕೊನೆಯ ಸಮಯ ಡ್ರೋನಿನ ಸಮಯವನ್ನು ಎರಡೂ ಬದಿಯಿಂದ ಕನಿಷ್ಠ 10 ನಿಮಿಷ ಅಪ್ಪಿಕೊಂಡಿರಲಿ.

ಬೇಸ್: ಎಲ್ಲ ತಪ್ಪುಗಳ ತಾಯಿಬೇರು

ಎರಡು ಮೀಟರ್ ಪಲ್ಲಟದ ಮೂಲ ಹೆಚ್ಚು ಸಲ ಇಲ್ಲೇ ಸಿಗುತ್ತದೆ. ರಿಸೀವರಿನ ದಾಖಲೆ ಇರುವ ರಿನೆಕ್ಸ್ ಫೈಲಿನ ತಲೆಬರಹದಲ್ಲಿ ‘ಅಂದಾಜು ಸ್ಥಾನ’ ಎಂದು ಮೂರು ಅಂಕಿಗಳಿರುತ್ತವೆ. ಅದು ರಿಸೀವರ್ ತಾನೇ ಊಹಿಸಿಕೊಂಡ ಜಾಗ, ಮೀಟರ್‌ಗಟ್ಟಲೆ ತಪ್ಪಿರಬಹುದು. ಪಿಪಿಕೆ ಲೆಕ್ಕ ಹಾಕುವ ಆರ್‌ಟಿಕೆಲಿಬ್ ತಂತ್ರಾಂಶದಲ್ಲಿ ಬೇಸ್ ಸ್ಥಾನವನ್ನು ತಲೆಬರಹದಿಂದ ತೆಗೆದುಕೊಳ್ಳುವ ಆಯ್ಕೆ ಇದೆ. ಅದನ್ನು ಬದಲಿಸದೆ ಓಡಿಸಿದರೆ ಇಡೀ ಹಾದಿ ಅಷ್ಟೇ ಮೀಟರ್ ಸರಿಯುತ್ತದೆ, ಆದರೂ ಫಿಕ್ಸ್ ಶೇಕಡಾವಾರು ಕುಗ್ಗುವುದಿಲ್ಲ, ವಿಚಲನೆಯ ಅಂಕಿ (ತಂತ್ರಾಂಶವೇ ಅಂದಾಜಿಸುವ ತಪ್ಪಿನ ಅಳತೆ) ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ.

ಆಂಟೆನಾ ಎತ್ತರದ್ದು ಇನ್ನೊಂದು ಕಥೆ. 2 ಮೀಟರ್ ಕೋಲಿನ ಎತ್ತರವನ್ನು ರಿಸೀವರ್‌ನಲ್ಲೇ ತುಂಬಿದ್ದರೆ ಅದು ತಲೆಬರಹದಲ್ಲಿ ಬಂದಿರುತ್ತದೆ. ಆಫೀಸಿನಲ್ಲಿ ಮತ್ತೆ ಅದೇ 2 ಮೀಟರ್ ತುಂಬಿದರೆ ಎರಡು ಸಲ ಸೇರಿ ಇಡೀ ನಕ್ಷೆ ಎರಡು ಮೀಟರ್ ಎತ್ತರಕ್ಕೆ ಏರುತ್ತದೆ. ಅಡ್ಡಲಾಗಿ ಏನೂ ಕದಲದ ಕಾರಣ ಚಿತ್ರದ ಮೇಲೆ ಗಡಿ ಹೊಂದಿಸಿ ನೋಡುವವರಿಗೆ ಇದು ಕಾಣುವುದೇ ಇಲ್ಲ. ಟ್ರೈಪಾಡ್ ಆದರೆ ಓರೆ ಎತ್ತರವೋ ನೇರ ಎತ್ತರವೋ, ಟೇಪು ಮುಟ್ಟಿದ್ದು ಆಂಟೆನಾದ ತಳವೋ ಬದಿಯ ಗುರುತೋ ಎಂದು ಫೀಲ್ಡ್ ಪುಸ್ತಕದಲ್ಲಿ ಬರೆದಿರಲೇಬೇಕು. ‘ಎತ್ತರ 1.52’ ಎಂದು ಮಾತ್ರ ಬರೆದ ಪುಟ ಅರ್ಧ ಮಾಹಿತಿ.

ಸ್ಥಾನ ಸರಿಯಿದ್ದರೂ ಅದು ಯಾವ ಕಾಲದ ಸ್ಥಾನ ಎಂಬುದು ಮುಖ್ಯ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಗಳ) ಜಾಲದ ಕೇಂದ್ರದ ದಾಖಲೆಯಲ್ಲಿ ಈ ನಡಿಗೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಬೇಸನ್ನು ಬೇರೆ ಬೇಸಿನ ನೆರವಿಲ್ಲದೆ ಸ್ಥಾನ ಲೆಕ್ಕ ಹಾಕುವ ಆನ್‌ಲೈನ್ ಪಿಪಿಪಿ ಸೇವೆಯಿಂದ ಇವತ್ತಿನ ಕಾಲಕ್ಕೆ ಲೆಕ್ಕ ಹಾಕಿ, ಇನ್ನೊಂದನ್ನು 15 ವರ್ಷ ಹಳೆಯ ಕಾಲಕ್ಕೆ ಕಟ್ಟಿದ ನಿಯಂತ್ರಣ ಬಿಂದುವಿನಿಂದ ತಂದರೆ, ನಿರ್ದೇಶಾಂಕ ಪದ್ಧತಿಯನ್ನು ಎರಡೂ ‘ಡಬ್ಲ್ಯುಜಿಎಸ್ 84’ ಎಂದೇ ಬರೆದುಕೊಂಡಿದ್ದರೂ ನಡುವೆ ಮುಕ್ಕಾಲು ಮೀಟರ್ ಅಂತರ. ಅಕ್ಕಪಕ್ಕದ ಎರಡು ಬ್ಲಾಕ್‌ಗಳು ನೈಋತ್ಯ–ಈಶಾನ್ಯ ದಿಕ್ಕಿನಲ್ಲಿ ಕೂಡದೆ ಹೋದರೆ ಮೊದಲ ಅನುಮಾನ ಇದರ ಮೇಲಿರಲಿ.

ಎತ್ತರದಲ್ಲಿ ಸುಮಾರು 86 ಮೀಟರ್ ಕೆಳಗೆ ಕಂಡರೆ ಗಾಬರಿ ಬೇಡ. ಬೆಂಗಳೂರಿನ ಸುತ್ತ ಸಮುದ್ರಮಟ್ಟದ ಮೇಲ್ಮೈ, ಜಿಎನ್‌ಎಸ್‌ಎಸ್ ಎತ್ತರ ಎಣಿಸುವ ಎಲಿಪ್ಸಾಯ್ಡ್ ಎಂಬ ಗಣಿತದ ಮೇಲ್ಮೈಗಿಂತ ಅಷ್ಟು ಕೆಳಗಿದೆ. ಸಮುದ್ರಮಟ್ಟದಿಂದ 920 ಮೀಟರ್ ಇರುವ ಜಾಗ ಜಿಎನ್‌ಎಸ್‌ಎಸ್ ಎತ್ತರದಲ್ಲಿ 834 ಆಸುಪಾಸು ಬರುತ್ತದೆ. ಅಪಾಯ ಇರುವುದು ಬೇಸಿಗೆ ಒಂದು ಬಗೆಯ ಎತ್ತರ, ಚೆಕ್ ಪಾಯಿಂಟಿಗೆ (ನಕ್ಷೆಯನ್ನು ಪರೀಕ್ಷಿಸಲು ನೆಲದ ಮೇಲೆ ಅಳೆದ ಬಿಂದುವಿಗೆ) ಇನ್ನೊಂದು ಬಗೆಯ ಎತ್ತರ ಕೊಟ್ಟಾಗ. ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆ ಕೆಲಸ ಮಾಡುವವರು ಇನ್ನೊಂದು ನೆನಪಿಡಬೇಕು. 78 ಡಿಗ್ರಿ ರೇಖಾಂಶ ದಾಟಿದರೆ ಯುಟಿಎಂ ಎಂಬ ನಕ್ಷೆ ಪದ್ಧತಿಯ ವಲಯ 43 ಮುಗಿದು 44 ಶುರು. ಬೆಂಗಳೂರಿನ ಟೆಂಪ್ಲೇಟನ್ನೇ ಕೋಲಾರಕ್ಕೆ ಬಳಸಿದರೆ ನಕ್ಷೆ ತೆರೆದುಕೊಳ್ಳುತ್ತದೆ, ಆದರೆ 44ರಲ್ಲಿ ಕೊಟ್ಟ ಚೆಕ್ ಪಾಯಿಂಟುಗಳು ನೂರಾರು ಕಿ.ಮೀ. ದೂರ ಹೋಗಿ ಕೂರುತ್ತವೆ.

ಬೇಸಿನ ಸ್ಥಾನವನ್ನು ಪರೀಕ್ಷಿಸುವ ಕ್ರಮ ಹೀಗೆ: ಅದರ ಕಚ್ಚಾ ದತ್ತಾಂಶವನ್ನು ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸದಾ ದಾಖಲಿಸುತ್ತಿರುವ ಸ್ಥಿರ ರಿಸೀವರ್) ಕೇಂದ್ರದ ಜತೆ ಸ್ಟಾಟಿಕ್ ಆಗಿ, ಅಂದರೆ ಕದಲದ ಬಿಂದು ಎಂದು, ಲೆಕ್ಕ ಹಾಕಿ. ಮೊದಲ ಗಂಟೆಯದ್ದನ್ನು ಬೇರೆ, ಕೊನೆಯ ಗಂಟೆಯದ್ದನ್ನು ಬೇರೆ ಮಾಡಿ. ಎರಡೂ 2 ಸೆಂ.ಮೀ. ಒಳಗೆ ಕೂಡಿದರೆ ಆ ಬೇಸನ್ನು ನಂಬಬಹುದು.

ಬೇಸ್ ಇಟ್ಟ ಜಾಗವೂ ಮಾತಾಡುತ್ತದೆ. ಡ್ರೋನಿನ ಆಂಟೆನಾ ತೆರೆದ ಆಕಾಶ ನೋಡುತ್ತಿರುತ್ತದೆ, ಪರದಾಡುವುದು ಕೆಳಗಿರುವ ಬೇಸ್. ಮಲೆನಾಡಿನಲ್ಲಿ ಅಡಿಕೆ ತೋಟದ ಅಂಚಿಗೆ, ಬಯಲುಸೀಮೆಯಲ್ಲಿ ತಗಡಿನ ಶೆಡ್ಡಿನ ಪಕ್ಕಕ್ಕೆ ಟ್ರೈಪಾಡ್ ಊರಿದರೆ ಸಿಗ್ನಲ್ ತಗಡಿಗೆ, ಸೋಗೆಗೆ ಬಡಿದು ಬರುತ್ತದೆ. ಇದರ ಗುರುತು ಹಿಡಿಯಲು ಒಂದು ಒಳ್ಳೆಯ ಉಪಾಯವಿದೆ. ಜಿಪಿಎಸ್ ಉಪಗ್ರಹಗಳು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತವೆ. ಅದೇ ಜಾಗದ ಬೇಸ್ ಸೋಮವಾರ 9.20ಕ್ಕೆ ತೊಂದರೆ ಕೊಟ್ಟು, ಮಂಗಳವಾರ 9.16ಕ್ಕೆ ಅದೇ ಆಕಾರದ ಏರಿಳಿತ ತೋರಿದರೆ ಅದು ಪ್ರತಿಫಲನವೇ. ಮರುದಿನ ಟ್ರೈಪಾಡನ್ನು ಬಯಲಿಗೆ ಒಯ್ಯಿರಿ.

ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ

ಈಗ ಹಸಿರು ಗೆರೆಯ ಒಳಕ್ಕೆ. ಆರ್‌ಟಿಕೆಲಿಬ್ ತನ್ನ ಉತ್ತರ ಬರೆದಿಡುವ ಪಿಒಎಸ್ ಫೈಲಿನಲ್ಲಿ 1 ಫಿಕ್ಸ್, 2 ಫ್ಲೋಟ್, 5 ಸಿಂಗಲ್. ಫಿಕ್ಸ್ ಎಂದು ಒಪ್ಪಿಕೊಳ್ಳುವ ಅನುಪಾತದ ಮಿತಿ ಸಾಮಾನ್ಯವಾಗಿ 3. ಅಂದರೆ ಅತ್ಯುತ್ತಮ ಉತ್ತರ ಎರಡನೆಯದಕ್ಕಿಂತ ಮೂರು ಪಟ್ಟು ಚೆನ್ನಾಗಿ ಹೊಂದಬೇಕು. 3.1, 3.4, 2.9 ಎಂದು ಮಿತಿಯ ಮೇಲೆಯೇ ತೂಗಾಡುತ್ತಿರುವ ಫಿಕ್ಸನ್ನೂ ನೆಟ್ಟಗೆ 40–50ರಲ್ಲಿ ನಿಂತಿರುವ ಫಿಕ್ಸನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ಫಿಕ್ಸ್ ಅಂಡ್ ಹೋಲ್ಡ್’ ಆಯ್ಕೆಯಲ್ಲಿ ಒಮ್ಮೆ ತಪ್ಪು ಪೂರ್ಣಾಂಕಕ್ಕೆ ಕಚ್ಚಿಕೊಂಡರೆ ಲೆಕ್ಕ ಅದನ್ನೇ ಹಿಡಿದು ಬಹಳ ದೂರ ಹೋಗುತ್ತದೆ, ಬಣ್ಣ ಮಾತ್ರ ಹಸಿರಾಗಿಯೇ ಇರುತ್ತದೆ. ಶೇಕಡಾವಾರು ಏರಿಸಲೆಂದೇ ಈ ಆಯ್ಕೆ ಒತ್ತುವುದು ಕೆಟ್ಟ ಅಭ್ಯಾಸ. ಹಾಗೆ ಹಿಡಿದಿಡದ ‘ಕಂಟಿನ್ಯುಯಸ್’ನಲ್ಲಿ ಶೇ 96 ಬಂದರೆ ಅದು ಪ್ರಾಮಾಣಿಕ 96.

ನಾನು ಅತಿ ಹೆಚ್ಚು ಬೆಲೆ ಕೊಡುವ ಒಳ ಪರೀಕ್ಷೆ, ಒಂದೇ ಹಾರಾಟವನ್ನು ಎರಡು ದಿಕ್ಕಿನಿಂದ ಬಿಡಿಬಿಡಿಯಾಗಿ ಲೆಕ್ಕ ಹಾಕುವುದು. ಒಮ್ಮೆ ಕಾಲದ ಜತೆ ಮುಂದಕ್ಕೆ, ಒಮ್ಮೆ ಕೊನೆಯಿಂದ ಹಿಂದಕ್ಕೆ. ಎರಡನ್ನೂ ಬೆಸೆಯುವ ‘ಕಂಬೈಂಡ್’ ಒಂದನ್ನೇ ಓಡಿಸಿದರೆ ಜಗಳ ಒಳಗೇ ಮುಗಿದಿರುತ್ತದೆ, ನಿಮಗೆ ಕಾಣುವುದು ರಾಜಿಪತ್ರ ಮಾತ್ರ. ಎರಡು ಫೈಲು ಬೇರೆಯಾಗಿ ಉಳಿಸಿ, ಒಂದೇ ಕ್ಷಣದ ಸ್ಥಾನಗಳನ್ನು ಕಳೆದು ಪೂರ್ವ, ಉತ್ತರ, ಎತ್ತರ ಎಂದು ಮೂರು ಗ್ರಾಫ್ ಮಾಡಿ. ಚಿತ್ರ ತೆಗೆಯುವ ಸಾಲುಗಳ ಮೇಲೆ ಅಡ್ಡಲಾಗಿ 3 ಸೆಂ.ಮೀ., ಎತ್ತರದಲ್ಲಿ 5 ಸೆಂ.ಮೀ. ಮೀರಿದರೆ ನಾನು ಒಪ್ಪುವುದಿಲ್ಲ. ಜಿಪಿಎಸ್‌ನ ಎಲ್ 1 ಸಿಗ್ನಲ್ಲಿನ ತರಂಗಾಂತರ 19 ಸೆಂ.ಮೀ., ಎಲ್ 2ರದ್ದು 24.4 ಸೆಂ.ಮೀ. ಹಾಗಾಗಿ ವ್ಯತ್ಯಾಸದ ಗ್ರಾಫ್ ನಿಧಾನವಾಗಿ ಅಲೆಯದೆ ಡೆಸಿಮೀಟರ್ ಗಾತ್ರದ ಮೆಟ್ಟಿಲಾಗಿ ಏರಿ ಅಲ್ಲೇ ನಿಂತರೆ ಯಾವುದೋ ಒಂದು ಬದಿಯಲ್ಲಿ ಪೂರ್ಣಾಂಕ ತಪ್ಪಿದೆ ಎಂದರ್ಥ.

ಫ್ಲೋಟ್ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ದೊಡ್ಡದು. ತಿರುವಿನಲ್ಲಿ ಡ್ರೋನ್ ವಾಲಿದಾಗ ಉಪಗ್ರಹ ಕಳಚುವುದು, ಅದರಲ್ಲೂ ರೆಕ್ಕೆಯ ಡ್ರೋನ್‌ಗಳಲ್ಲಿ, ಇದ್ದದ್ದೇ. ಅಲ್ಲಿ ಫೋಟೋ ಇಲ್ಲದಿದ್ದರೆ ನಷ್ಟವಿಲ್ಲ. ಆದರೆ ಸಾಲಿನ ನಡುವೆ ಎರಡು ಸೆಕೆಂಡು ಫ್ಲೋಟ್ ಆಗಿದ್ದರೂ ಆ ಫೋಟೋಗಳ ಸಂಖ್ಯೆ ಬರೆದಿಟ್ಟುಕೊಂಡು ಮುಂದಿನ ಹಂತದಲ್ಲಿ ಅವುಗಳ ತೂಕ ತಗ್ಗಿಸಿ.

ಕಾಣೆಯಾದ ಎಪೋಕ್‌ಗಳ (ದಾಖಲೆಯ ಕ್ಷಣಗಳ) ಮೇಲೆ ಸೇತುವೆ ಕಟ್ಟುವಾಗಲೂ ಎಚ್ಚರ. ಸೆಕೆಂಡಿಗೆ 5 ಸಲ ದಾಖಲಾಗುವ ಹಾದಿಯಲ್ಲಿ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದರೆ, ಡ್ರೋನಿನ ವೇಗ ಸೆಕೆಂಡಿಗೆ ಒಂದು ಮೀಟರಿನಂತೆ ಬದಲಾಗುತ್ತಿದ್ದರೂ ತಪ್ಪು ಅರ್ಧ ಸೆಂ.ಮೀ. ಅದೇ ಒಂದು ಸೆಕೆಂಡಿನ ಖಾಲಿ ಜಾಗದ ಮೇಲೆ ಎಳೆದರೆ ತಪ್ಪು ಹನ್ನೆರಡೂವರೆ ಸೆಂ.ಮೀ. ತಂತ್ರಾಂಶ ಕೇಳದೆಯೇ ಈ ಗೆರೆ ಎಳೆದುಬಿಡುತ್ತದೆ.

ವಿಚಲನೆಯ ಕಾಲಮ್ಮುಗಳನ್ನು ನಾನು ಅರ್ಧ ಕಿವಿಯಲ್ಲಷ್ಟೇ ಕೇಳುತ್ತೇನೆ. ಮಾದರಿಯೊಳಗೆ ಇಲ್ಲದ ತಪ್ಪು, ಮುಖ್ಯವಾಗಿ ಪ್ರತಿಫಲನ, ಅದರಲ್ಲಿ ಬರುವುದಿಲ್ಲ. 8 ಮಿ.ಮೀ. ಎಂದು ಬರೆದಿದ್ದರೆ 8 ಮಿ.ಮೀ. ಎಂದಲ್ಲ.

ಉಪಗ್ರಹದ ಸಿಗ್ನಲ್ಲನ್ನು ಕದಡುವ ಮೇಲಿನ ವಾತಾವರಣದ ಪದರ, ಅಯಾನುಗೋಳದ ಬಗ್ಗೆಯೂ ಒಂದು ಮಾತು. ಭೂಕಾಂತೀಯ ಸಮಭಾಜಕ ನಮ್ಮ ಪರ್ಯಾಯದ್ವೀಪದ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ, ಅದರ ಆಸುಪಾಸು ಈ ಕಾಟ ಹೆಚ್ಚು, ಆದ್ದರಿಂದ ಯುರೋಪಿನ ಕೈಪಿಡಿಗಳು ಧಾರಾಳವಾಗಿ ಹೇಳುವ ಬೇಸ್ ದೂರ ಇಲ್ಲಿ ನಡೆಯುವುದಿಲ್ಲ. ಕರ್ನಾಟಕದಲ್ಲಿ ಡ್ರೋನಿನಿಂದ ಬೇಸ್ 10 ಕಿ.ಮೀ. ಒಳಗಿರಲಿ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಸಿಗ್ನಲ್ ಮಿನುಗುವುದು ಜೋರು. ಹಗಲು ಹಾರಿಸಿದ ಡ್ರೋನಿಗೆ ಇದು ತಟ್ಟದಿರಬಹುದು, ಆದರೆ ಸಂಜೆ ಏಳಕ್ಕೆ ಅವಸರದಲ್ಲಿ ಅಳೆದ ನಿಯಂತ್ರಣ ಬಿಂದುವಿಗೆ ಚೆನ್ನಾಗಿಯೇ ತಟ್ಟುತ್ತದೆ.

ಗಡಿಯಾರ ಮತ್ತು ಕೋಲಿನ ತಪ್ಪು

ಆಂಟೆನಾದ ಹಾದಿ ಸರಿಯಿದೆ ಎಂದುಕೊಳ್ಳೋಣ. ನಕ್ಷೆಗೆ ಬೇಕಿರುವುದು ಕ್ಯಾಮೆರಾದ ಹಾದಿ. ಎಂಆರ್‌ಕೆಯ ಮೂರು ಅಂತರಗಳಲ್ಲಿ ಲಂಬದ್ದು ಕೆಳಮುಖವಾಗಿದ್ದಾಗ ಧನ. ಕ್ಯಾಮೆರಾ ಆಂಟೆನಾಕ್ಕಿಂತ 194 ಮಿ.ಮೀ. ಕೆಳಗಿದ್ದರೆ ಆ ಸಂಖ್ಯೆಯನ್ನು ಎತ್ತರದಿಂದ ಕಳೆಯಬೇಕು. ಕೂಡಿಸಿದರೆ ನಕ್ಷೆ ಎರಡರಷ್ಟು, ಅಂದರೆ ಸುಮಾರು 39 ಸೆಂ.ಮೀ. ಮೇಲೇಳುತ್ತದೆ. ಅದೇ ಸಾಲಿನ ಅಕ್ಷಾಂಶ–ರೇಖಾಂಶಗಳು ಆಗಲೇ ಕ್ಯಾಮೆರಾಕ್ಕೆ ಇಳಿಸಿದವು. ಅವಕ್ಕೆ ಮತ್ತೆ ಅಂತರ ಸೇರಿಸಬಾರದು, ನಿಮ್ಮ ಪಿಪಿಕೆ ಲೆಕ್ಕದಿಂದ ಬಂದ ಆಂಟೆನಾ ಸ್ಥಾನಕ್ಕೆ ಮಾತ್ರ ಸೇರಿಸಬೇಕು.

ಸಮಯದ ತಪ್ಪು ದೊಡ್ಡದಾದರೆ ಒಳ್ಳೆಯದು, ತಾನೇ ಬೆತ್ತಲಾಗುತ್ತದೆ. ಜಿಪಿಎಸ್ ಕಾಲ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಅದನ್ನು ಮರೆತರೆ 8 ಮೀಟರ್ ವೇಗದಲ್ಲಿ ಫೋಟೋ 144 ಮೀಟರ್ ಆಚೆ ಬೀಳುತ್ತದೆ, ಯಾರ ಕಣ್ಣಿಗೂ ಬೀಳುತ್ತದೆ. ಕಾಡುವುದು 20 ಮಿಲಿಸೆಕೆಂಡಿನಂಥ ತಪ್ಪು. ಅದು ಇದೇ ವೇಗದಲ್ಲಿ 16 ಸೆಂ.ಮೀ. ಹೊರಗಿನಿಂದ ಕ್ಯಾಮೆರಾ ಕಟ್ಟಿ ಟ್ರಿಗರ್ ವೈರು ಎಳೆದ ಡ್ರೋನ್‌ಗಳಲ್ಲಿ ಇದು ಸಾಮಾನ್ಯ. ಆಜ್ಞೆ ಹೋದ ಕ್ಷಣವನ್ನು ದಾಖಲಿಸಿ, ಶಟರ್ ತೆರೆದ ಕ್ಷಣವನ್ನು ಬಿಟ್ಟರೆ ಹೀಗಾಗುತ್ತದೆ.

ಇಂಥ ತಪ್ಪನ್ನು ಪತ್ತೆ ಹಚ್ಚಿಕೊಡುವುದು ಹಾರಾಟದ ಸಾಲುಗಳೇ. ಡ್ರೋನ್ ಹೊಲ ಉತ್ತಂತೆ ಒಂದು ಸಾಲು ಹೋಗಿ ಮುಂದಿನ ಸಾಲಿನಲ್ಲಿ ವಾಪಸು ಬರುತ್ತದೆ. ಫೋಟೋಗಳನ್ನು ಒಂದಕ್ಕೊಂದು ಹೊಂದಿಸುವ ಬಂಡಲ್ ಅಡ್ಜಸ್ಟ್‌ಮೆಂಟ್ ಮುಗಿದ ಮೇಲೆ ಪ್ರತಿ ಕ್ಯಾಮೆರಾ ಸ್ಥಾನದ ಉಳಿಕೆ ತಪ್ಪನ್ನು ಬಾಣಗಳಾಗಿ ಬಿಡಿಸಿ. ಹೋಗುವ ಸಾಲಿನ ಬಾಣಗಳೆಲ್ಲ ಮುಂದಕ್ಕೆ, ಬರುವ ಸಾಲಿನವೂ ತಮ್ಮ ಮುಂದಕ್ಕೆ, ಅಂದರೆ ನಕ್ಷೆಯ ಮೇಲೆ ಎತ್ತು ಏರಿಗೆ ಕೋಣ ನೀರಿಗೆ ಎಳೆದಂತೆ ಕಂಡರೆ, ತಪ್ಪು ಸಮಯದಲ್ಲೋ ಆಂಟೆನಾ–ಕ್ಯಾಮೆರಾ ಅಂತರದಲ್ಲೋ ಇದೆ. ಎರಡನ್ನು ಬೇರ್ಪಡಿಸಲು ಒಂದು ಸಾಲನ್ನು 5 ಮೀಟರ್ ವೇಗದಲ್ಲಿ, ಅದೇ ಸಾಲನ್ನು 10 ಮೀಟರ್ ವೇಗದಲ್ಲಿ ಹಾರಿಸಿ. ತಪ್ಪು ಎರಡರಷ್ಟಾದರೆ ಗಡಿಯಾರದ್ದು, ಇದ್ದಷ್ಟೇ ಇದ್ದರೆ ಅಂತರದ್ದು. ಬೇಸ್ ತಪ್ಪು ಈ ಬಾಣಗಳಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅದು ಎಲ್ಲರನ್ನೂ ಒಟ್ಟಿಗೆ ಒಂದೇ ಕಡೆಗೆ ಹೊತ್ತೊಯ್ದಿರುತ್ತದೆ.

ಲೈಡಾರ್ ಆದರೆ

ಲೇಸರ್ ಕಿರಣದಿಂದ ನೆಲ ಅಳೆಯುವ ಲೈಡಾರ್‌ನಲ್ಲಿ ವಾಲುವಿಕೆಯ ಕೋನವೂ ಹಾದಿಯ ಭಾಗ. 100 ಮೀಟರ್ ಎತ್ತರದಿಂದ 0.03 ಡಿಗ್ರಿ ತಪ್ಪಿದರೆ ನೆಲದ ಮೇಲೆ 5 ಸೆಂ.ಮೀ. ಒಂದೇ ಆಂಟೆನಾ ಇರುವ ಡ್ರೋನಿನಲ್ಲಿ ಮುಖದ ದಿಕ್ಕನ್ನು ಐಎಂಯು (ಚಲನೆ, ವಾಲುವಿಕೆ ಅಳೆಯುವ ಸಾಧನ) ಅರಿಯುವುದು ವೇಗ ಬದಲಾದಾಗ ಮಾತ್ರ. ಒಂದೇ ವೇಗದಲ್ಲಿ ಉದ್ದುದ್ದ ಸಾಲು ಹೊಡೆದರೆ ದಿಕ್ಕು ಮೆಲ್ಲನೆ ಜಾರುತ್ತದೆ. ಅದಕ್ಕೇ ಶುರುವಿಗೂ ಕೊನೆಗೂ ವೇಗ ಹೆಚ್ಚಿಸಿ ತಗ್ಗಿಸುವ ಕಸರತ್ತು ಬೇಕಾಗುವುದು, ಬ್ಯಾಟರಿ ಉಳಿಸಲೆಂದು ಅದನ್ನು ಬಿಡಬಾರದು.

ಸಾಲುಗಳ ನಡುವಿನ ಹೊಂದಿಕೆ ನೋಡಲು ಊರ ಮನೆಗಳೇ ಸಾಕು. ಆರ್‌ಸಿಸಿ ತಾರಸಿ ಎತ್ತರದ ಪಲ್ಲಟವನ್ನು ತೋರಿಸುತ್ತದೆ. ಎರಡು ಇಳಿಜಾರಿನ ಹೆಂಚಿನ ಮಾಡು ಅಡ್ಡ ಪಲ್ಲಟವನ್ನು ತೋರಿಸುತ್ತದೆ. ಎದುರುಬದುರು ದಿಕ್ಕಿನ ಸಾಲುಗಳಲ್ಲಿ ಸಮತಟ್ಟು ನೆಲದ ಸೀಳುನೋಟ ಕತ್ತರಿಯಂತೆ ಕಂಡರೆ ಉರುಳುವ ಕೋನದ ಜೋಡಣೆ ತಪ್ಪಿದೆ. ಕತ್ತರಿಯ ಬಾಯಿ ಎಲ್ಲ ಸಾಲಿನಲ್ಲೂ ಒಂದೇ ಅಗಲವಿದ್ದರೆ ಅದನ್ನು ಒಂದು ತಿದ್ದುಪಡಿಯಿಂದ ಸರಿಪಡಿಸಬಹುದು. ಸಾಲಿನಿಂದ ಸಾಲಿಗೆ ಬದಲಾಗುತ್ತಿದ್ದರೆ ದೋಷ ಹಾದಿಯಲ್ಲೇ ಇದೆ, ತಿದ್ದುಪಡಿ ಹಚ್ಚಿ ಮುಚ್ಚಬಾರದು.

ಹೊರಗಿನ ಸಾಕ್ಷಿ

ಇಷ್ಟಾದರೂ ಬೇಸಿನ ಸ್ಥಾನ, ಆಂಟೆನಾ ಎತ್ತರ ಇವೆರಡಕ್ಕೆ ನೆಲದ ಮೇಲಿನ ಚೆಕ್ ಪಾಯಿಂಟೇ ಸಾಕ್ಷಿ. ಸಣ್ಣ ಊರಿಗೂ ಕನಿಷ್ಠ ಐದು ಇರಲಿ, ನಾಲ್ಕು ಮೂಲೆಗೆ, ಒಂದು ನಡುವೆ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಲ್ಲಿಗೆ: ಚೆಕ್ ಪಾಯಿಂಟನ್ನೂ ಅದೇ ಬೇಸಿನಿಂದ, ಅದೇ ಬೆಳಗ್ಗೆ, ಅದೇ ಎತ್ತರದ ಅಂಕಿಯೊಂದಿಗೆ ಅಳೆಯುವುದು. ಆಗ ಬೇಸ್ ಎರಡು ಮೀಟರ್ ತಪ್ಪಿದ್ದರೆ ನಕ್ಷೆಯೂ ಚೆಕ್ ಪಾಯಿಂಟೂ ಒಟ್ಟಿಗೆ ಎರಡು ಮೀಟರ್ ತಪ್ಪಿ, ವರದಿಯಲ್ಲಿ 2 ಸೆಂ.ಮೀ. ನಿಖರತೆ ಎಂದು ಬರುತ್ತದೆ. ಐದರಲ್ಲಿ ಎರಡನ್ನಾದರೂ ಬೇರೆ ತಿಳಿದ ಬಿಂದುವಿನಿಂದ ಅಥವಾ ಕಾರ್ಸ್ ಜಾಲದಿಂದ ಅಳೆಯಿರಿ.

ಎತ್ತರ ಎಲ್ಲ ಬಿಂದುಗಳಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಆಂಟೆನಾ ಎತ್ತರವನ್ನೇ ದೂರುವ ಮೊದಲು ಕ್ಯಾಮೆರಾದ ಫೋಕಲ್ ಲೆಂತನ್ನೂ (ಲೆನ್ಸಿನ ನಾಭಿದೂರ) ನೋಡಿ. ನೇರ ಕೆಳಮುಖ ಚಿತ್ರಗಳಲ್ಲಿ ಅದು ಎತ್ತರದ ಜತೆ ಬೆರೆತುಹೋಗುತ್ತದೆ. 80 ಮೀಟರಿಗೂ 120 ಮೀಟರಿಗೂ ಒಂದೊಂದು ಅಡ್ಡ ಸಾಲು ಹಾರಿಸಿ, ಮೊದಲೇ ಮಾಪನ ಮಾಡಿದ ಫೋಕಲ್ ಲೆಂತನ್ನು ಬದಲಿಸದೆ ಬೇರೆ ಬೇರೆ ಲೆಕ್ಕ ಹಾಕಿ. ತಪ್ಪು ಹಾರುವ ಎತ್ತರದೊಂದಿಗೆ ಬೆಳೆದರೆ ಫೋಕಲ್ ಲೆಂತ್, ಬೆಳೆಯದಿದ್ದರೆ ಬೇಸಿನ ಕೋಲು.

ಕೆಲಸ ಒಪ್ಪಿಸುವಾಗ ನಕ್ಷೆಯಂತೆ ನೇರಗೊಳಿಸಿದ ಆರ್ಥೋ ಚಿತ್ರದ ಜತೆ ಬೇಸಿನ ಕಚ್ಚಾ ಫೈಲು, ಎಂಆರ್‌ಕೆ, ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕಿದ ಎರಡೂ ಪಿಒಎಸ್ ಫೈಲು, ಟೇಪು ಹಿಡಿದು ಎತ್ತರ ಓದುವಂತೆ ತೆಗೆದ ಟ್ರೈಪಾಡಿನ ಫೋಟೋ ಅದೇ ಫೋಲ್ಡರಿನಲ್ಲಿರಲಿ. ಮೂರು ವರ್ಷದ ನಂತರ ಗೋಡೆಯ ತಕರಾರು ಬಂದಾಗ ಮತ್ತೆ ಲೆಕ್ಕ ಹಾಕಲು ಬೇಕಾಗುವುದು ಇವೇ.